ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ

ಕಳೆದ ತಿಂಗಳು ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಧ್ಯದಲ್ಲಿ ಬಂದ ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಶುರುವಾಗಿದ್ದೇ ಫೋನ್ ಎತ್ತುವುದರಿಂದ. ಒಂದು ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ವಿಭಾಗದಲ್ಲಿದ್ದೆ. ಕಸ್ಟಮರ್ ಫೋನ್ ಮಾಡಿ ತೊಂದರೆ ಹೇಳುತ್ತಾರೆ, ನಾನು ಮುಂದಿರುವ ಸ್ಕ್ರೀನ್ ನೋಡಿ ಉತ್ತರ ಕೊಡಬೇಕು. ಆ ಸ್ಕ್ರೀನಿನಲ್ಲಿ ಸಾಲಾಗಿ ಹಸಿರು ಚುಕ್ಕಿಗಳು ಇರುತ್ತಿದ್ದವು. ಒಂದೊಂದು ಚುಕ್ಕಿ ಒಂದೊಂದು ಸರ್ವರ್. ಎಲ್ಲಾ ಹಸಿರಾಗಿದ್ದರೆ ನಾವು ಹೇಳಬೇಕಾದ ಮಾತು ಮೊದಲೇ ಬರೆದಿಟ್ಟಿತ್ತು: "ಸರ್, ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ. ನಿಮ್ಮ ಕಡೆ ಒಂದ್ಸಲ ಚೆಕ್ ಮಾಡಿ."

ಒಬ್ಬರು ಲೆಕ್ಕ ಬರೆಯುವವರು. ವಯಸ್ಸಾದ ದನಿ, ತುಂಬಾ ನಿಧಾನವಾಗಿ ಮಾತಾಡುತ್ತಿದ್ದರು. ರಾತ್ರಿ ಹಾಕಿದ ಲೆಕ್ಕದಲ್ಲಿ ಕೊನೆಯ ಎರಡು ಮೂರು ಸಾಲು ಬೆಳಿಗ್ಗೆ ನೋಡಿದರೆ ಇರುವುದಿಲ್ಲ ಎಂದರು. ಚುಕ್ಕಿ ನೋಡಿದೆ, ಹಸಿರು. ಬರೆದಿಟ್ಟ ಮಾತು ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಫೋನ್. ಮತ್ತೆ ಅದೇ ಮಾತು. ಮೂರನೇ ಸಲ ನಾನೇ ಕೇಳಿದೆ, "ಸೇವ್ ಬಟನ್ ಒತ್ತಿದ್ದು ಗ್ಯಾರಂಟಿನಾ ಸರ್?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಒತ್ತಿದೆ ಅಂತಲೇ ಅಂದುಕೊಂಡಿದ್ದೇನೆ" ಎಂದರು.

ಮೊದಲ ಫೋನಿನಲ್ಲಿ "ಒತ್ತಿದ್ದೇನೆ" ಎಂದಿದ್ದ ಮನುಷ್ಯ, ಮೂರನೆಯದರಲ್ಲಿ "ಅಂದುಕೊಂಡಿದ್ದೇನೆ" ಎಂದರು. ಮೂವತ್ತು ವರ್ಷ ಲೆಕ್ಕ ಬರೆದವರಿಗೆ ತಮ್ಮ ಕೈ ಮೇಲೆಯೇ ಅನುಮಾನ ಬರುವ ಹಾಗೆ ನಾನು ಮಾಡಿದ್ದೆ. ನಾನೇನೂ ಸುಳ್ಳು ಹೇಳಿರಲಿಲ್ಲ, ನನ್ನ ಸ್ಕ್ರೀನ್ ಹಸಿರಾಗಿಯೇ ಇತ್ತು. ನನಗೆ ಸ್ಕ್ರೀನ್ ಮೇಲೆ ನಂಬಿಕೆ ಇತ್ತು, ಅವರ ಮೇಲೆ ಇರಲಿಲ್ಲ. ಇವತ್ತು ನಾನು ಮಾತಾಡಬೇಕು ಎಂದುಕೊಂಡಿರುವುದು ಇದರ ಬಗ್ಗೆ. ಯಂತ್ರ ಒಂದು ಹೇಳುತ್ತದೆ, ಎದುರಿಗಿರುವ ಮನುಷ್ಯ ಇನ್ನೊಂದು ಹೇಳುತ್ತಾನೆ. ಆಗ ನಾವು ಯಾರನ್ನು ನಂಬುತ್ತೇವೆ, ಯಾಕೆ ನಂಬುತ್ತೇವೆ?

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಬ್ರಿಟನ್ನಿನ ಅಂಚೆ ಕಚೇರಿಯದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಅದರ ಭಾರ ಗೊತ್ತಾಗುವುದಿಲ್ಲ.

ಅಲ್ಲಿ ಊರೂರಿನ ಸಣ್ಣ ಅಂಚೆ ಕಚೇರಿಗಳನ್ನು ನಡೆಸುವವರು ಸಂಬಳದ ನೌಕರರಲ್ಲ. ಸಬ್ ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. ಕರಾರು ಮಾಡಿಕೊಂಡು, ಎಷ್ಟೋ ಸಲ ತಮ್ಮದೇ ಅಂಗಡಿಯ ಒಂದು ಮೂಲೆಯಲ್ಲಿ ಕೌಂಟರ್ ಇಟ್ಟುಕೊಂಡು ನಡೆಸುತ್ತಾರೆ. ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ಅವರೇ ಕೈಯಿಂದ ತುಂಬಬೇಕು ಎನ್ನುವುದು ಕರಾರು. 1999ರಿಂದ ಈ ಕಚೇರಿಗಳಿಗೆಲ್ಲ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಅದನ್ನು ನಡೆಸುತ್ತಿದ್ದದ್ದು ಫುಜಿಟ್ಸು ಎಂಬ ಕಂಪನಿ. ಅದು ಬಂದ ಮೇಲೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಹಣ ಕಡಿಮೆ ಬೀಳಲು ಶುರುವಾಯಿತು. ಇವತ್ತು ಕೆಲವು ನೂರು ಪೌಂಡ್, ನಾಳೆ ಕೆಲವು ಸಾವಿರ.

ಒಬ್ಬ ಮಹಿಳೆ ಹೆಲ್ಪ್‌ಲೈನಿಗೆ ಫೋನ್ ಮಾಡಿ 2000 ಪೌಂಡ್ ಕಡಿಮೆ ತೋರಿಸುತ್ತಿದೆ ಎಂದರು. ಆ ಕಡೆಯವರು ಏನು ಮಾಡಬೇಕೆಂದು ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ಇವರು ಹಾಗೇ ಮಾಡಿದರು. ಅವರ ಕಣ್ಣೆದುರೇ ಕೊರತೆ 4000 ಆಯಿತು. ಇನ್ನೊಂದು ದೋಷ ಆಮೇಲೆ ಹೊರಗೆ ಬಂತು. ಹಣದ ಚೀಲ ಬಂದಿದೆ ಎಂದು ದಾಖಲಿಸುವಾಗ ಸ್ಕ್ರೀನ್ ನಿಂತುಬಿಡುತ್ತಿತ್ತು. ಸ್ಕ್ರೀನ್ ನಿಂತರೆ ನಾವೆಲ್ಲ ಏನು ಮಾಡುತ್ತೇವೆ? ಎಂಟರ್ ಒತ್ತುತ್ತೇವೆ. ಬರಲಿಲ್ಲ ಅಂದರೆ ಮತ್ತೆ ಒತ್ತುತ್ತೇವೆ. ಹಾಗೆ ಒತ್ತಿದ ಒಂದೊಂದು ಸಲವೂ ಅದೇ ಚೀಲ ಇನ್ನೊಮ್ಮೆ ಬಂದಿದೆ ಎಂದು ಲೆಕ್ಕ ಏರುತ್ತಿತ್ತು. ಕೈಯಲ್ಲಿ ಇರುವುದು ಒಂದು ಚೀಲ, ಕಂಪ್ಯೂಟರಿನಲ್ಲಿ ಮೂರೋ ನಾಲ್ಕೋ. ಉಳಿದ ಹಣ ಎಲ್ಲಿ? ನೀನು ಕದ್ದಿದ್ದೀಯ.

ಇಷ್ಟೇ ಆಗಿದ್ದರೆ ಅದನ್ನು ಸಾಫ್ಟ್‌ವೇರ್ ತಪ್ಪು ಎಂದು ಬಿಡಬಹುದಿತ್ತು. ತಪ್ಪಿಲ್ಲದ ಸಾಫ್ಟ್‌ವೇರ್ ಎಲ್ಲೂ ಇಲ್ಲ, ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ನಿಜವಾದ ಅನ್ಯಾಯ ನಡೆದದ್ದು ಆಮೇಲೆ. ಫೋನ್ ಮಾಡಿದವರಿಗೆ, "ಬೇರೆ ಯಾರಿಗೂ ಹೀಗಾಗಿಲ್ಲ, ನಿಮ್ಮೊಬ್ಬರಿಗೇ" ಎಂದು ಹೇಳಿದರು. ಒಬ್ಬರಿಗಲ್ಲ, ಎಷ್ಟೋ ಜನರಿಗೆ ಇದೇ ಮಾತು. ಒಬ್ಬೊಬ್ಬರೂ ತಾವು ಒಂಟಿ ಎಂದುಕೊಂಡರು. ಮನೆ ಅಡ ಇಟ್ಟರು, ಸಾಲ ಮಾಡಿ ತುಂಬಿದರು. ಕೆಲವರು ಕದಿಯದೇ ಇದ್ದರೂ ಜೈಲು ತಪ್ಪಿಸಿಕೊಳ್ಳಲು ಸಣ್ಣ ತಪ್ಪನ್ನು ಒಪ್ಪಿಕೊಂಡರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. 2010ರಲ್ಲಿ ಜೈಲಿಗೆ ಹೋದ ಒಬ್ಬಾಕೆ ಆಗ ಗರ್ಭಿಣಿ. ಅವತ್ತು ಅವರ ಮೊದಲ ಮಗನಿಗೆ ಹತ್ತು ವರ್ಷ ತುಂಬಿತ್ತು.

ನನಗೆ ಅತಿ ಜಾಸ್ತಿ ಕಾಡುವುದು ಕೋರ್ಟಿನ ವಿಷಯ. 1984ರ ಒಂದು ಕಾನೂನಿನ ಪ್ರಕಾರ ಅಲ್ಲಿ ಕಂಪ್ಯೂಟರ್ ದಾಖಲೆಯನ್ನು ಸಾಕ್ಷಿಯಾಗಿ ತರುವವರು ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಮೊದಲು ತೋರಿಸಬೇಕಿತ್ತು. 1999ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಅಲ್ಲಿಂದ ಮುಂದೆ ಕಂಪ್ಯೂಟರ್ ಸರಿಯಾಗಿದೆ ಎಂದೇ ಕೋರ್ಟ್ ಮೊದಲು ಅಂದುಕೊಳ್ಳುತ್ತದೆ, ಸರಿಯಿಲ್ಲ ಅನ್ನುವವನು ಅದನ್ನು ತೋರಿಸಿಕೊಡಬೇಕು. ಒಬ್ಬ ಅಂಗಡಿಯವನು, ಅವನ ಕೈಯಲ್ಲಿ ಕೋಡ್ ಇಲ್ಲ, ದೋಷಗಳ ಪಟ್ಟಿ ಇಲ್ಲ, ಸರ್ವರ್ ದಾಖಲೆ ಇಲ್ಲ. ಅವೆಲ್ಲ ಇರುವುದು ಅವನ ಮೇಲೆ ಕೇಸು ಹಾಕಿದವರ ಹತ್ತಿರ, ಇಲ್ಲವೇ ಫುಜಿಟ್ಸು ಕಂಪನಿಯ ಹತ್ತಿರ. ಅವನು ಯಾವುದನ್ನು ಹಿಡಿದು ತೋರಿಸಬೇಕು?

ಅಲನ್ ಬೇಟ್ಸ್ ಎನ್ನುವವರು ವೇಲ್ಸ್‌ನಲ್ಲಿ ಇಂಥದೇ ಅಂಚೆ ಕಚೇರಿ ನಡೆಸುತ್ತಿದ್ದವರು. ಕೊರತೆಯ ಹಣ ಕೊಡುವುದಿಲ್ಲ, ಇದು ನನ್ನ ತಪ್ಪಲ್ಲ ಎಂದು ಪಟ್ಟು ಹಿಡಿದರು. 2003ರಲ್ಲಿ ಅವರ ಕರಾರು ಮುರಿದರು. ಅವರು ಬಿಡಲಿಲ್ಲ. 2009ರಲ್ಲಿ ಕಂಪ್ಯೂಟರ್ ವೀಕ್ಲಿ ಎಂಬ ಪತ್ರಿಕೆ ಏಳು ಜನರ ಕಥೆಯನ್ನು ಒಟ್ಟಿಗೆ ಬರೆಯಿತು. "ನಿಮ್ಮೊಬ್ಬರಿಗೇ" ಎನ್ನುವುದು ಸುಳ್ಳು ಎಂದು ಅವತ್ತು ಎಷ್ಟೋ ಮನೆಗಳಿಗೆ ಗೊತ್ತಾಯಿತು. ಕೊನೆಗೆ 555 ಜನ ಸೇರಿ ಕೋರ್ಟಿಗೆ ಹೋದರು. ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ತೀರ್ಪು ಬಂತು. ಅಂಚೆ ಕಚೇರಿಯ ವಾದ ಹೇಗಿತ್ತೆಂದರೆ, 21ನೇ ಶತಮಾನದಲ್ಲಿ ಭೂಮಿ ಚಪ್ಪಟೆ ಎಂದು ಹಟ ಹಿಡಿದ ಹಾಗೆ ಎಂದು ನ್ಯಾಯಾಧೀಶರು ಬರೆದರು. 2024ರಲ್ಲಿ ಸಂಸತ್ತೇ ಒಂದು ಕಾನೂನು ಮಾಡಿ ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು. ಕನಿಷ್ಠ 13 ಜನ ಇದೇ ಸಂಕಟದಿಂದ ಪ್ರಾಣ ಕಳೆದುಕೊಂಡಿರಬಹುದು ಎಂದು 2025ರಲ್ಲಿ ವಿಚಾರಣೆಯ ವರದಿ ಹೇಳಿತು.

ಇಪ್ಪತ್ತು ವರ್ಷ ನೂರಾರು ಜನ ಒಂದೇ ಮಾತು ಹೇಳಿದರು, ಲೆಕ್ಕ ತಪ್ಪಿರುವುದು ನಾನಲ್ಲ ಎಂದು. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದವರು, ಯಾರ ಮುಂದೆಯೂ ಕೈ ಚಾಚದವರು. ಆದರೂ ಊರಿನವರೇ ಎಷ್ಟೋ ಕಡೆ ಅವರನ್ನು ಕಳ್ಳರು ಎಂದರು. ಕಂಪ್ಯೂಟರ್ ಸುಳ್ಳು ಹೇಳುತ್ತದಾ? ಅಷ್ಟು ದೊಡ್ಡ ಸಂಸ್ಥೆ ಸುಮ್ನೆ ಕೇಸು ಹಾಕುತ್ತದಾ? ಈ ಎರಡು ಪ್ರಶ್ನೆ ನಾವೂ ಕೇಳುತ್ತಿದ್ದೆವು ಅಲ್ವಾ?

ಇಲ್ಲಿ ಒಬ್ಬರು ಕೈ ಎತ್ತಿದರು. "ಅದು ಹಣದ ವಿಷಯ. ಪ್ರಾಣದ ವಿಷಯ ಬಂದರೆ ಕಂಪನಿಗಳು ಜಾಸ್ತಿ ಹುಷಾರಾಗಿರುತ್ತವಲ್ಲ?" ಎಂದರು.

ಒಳ್ಳೆಯ ಪ್ರಶ್ನೆ. ಹುಷಾರಾಗಿ ಇರುತ್ತಾರೆ, ನಿಜ. ಆದರೆ ನಾನು ಹೇಳುತ್ತಿರುವ ನಂಬಿಕೆ ಅಲ್ಲೂ ಹಾಗೇ ಇರುತ್ತದೆ. ಥೆರಾಕ್-25 ಎಂಬ ಯಂತ್ರದ ವಿಷಯ ಹೇಳುತ್ತೇನೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಅದು, ಮಾಡಿದ್ದು ಕೆನಡಾದ ಸರ್ಕಾರಿ ಕಂಪನಿ ಎಇಸಿಎಲ್. ಹಿಂದಿನ ಮಾದರಿಗಳಲ್ಲಿ ಡೋಸ್ ಹೆಚ್ಚಾದರೆ ತಡೆಯುವುದಕ್ಕೆ ಬೇರೆಯೇ ಬಿಡಿಭಾಗಗಳಿದ್ದವು. ಅಂದರೆ ಸಾಫ್ಟ್‌ವೇರ್ ಏನೇ ಹೇಳಲಿ, ಅವು ಅಡ್ಡ ನಿಲ್ಲುತ್ತಿದ್ದವು. ಥೆರಾಕ್-25ರಲ್ಲಿ ಅವನ್ನು ತೆಗೆದರು. ಆ ಕೆಲಸ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂದರು. 1985ರಿಂದ 1987ರ ನಡುವೆ ಆರು ಜನರಿಗೆ ಕೊಡಬೇಕಾದ್ದಕ್ಕಿಂತ ಬಹಳ ಪಟ್ಟು ಹೆಚ್ಚು ವಿಕಿರಣ ಹೋಯಿತು.

ಮೊದಲನೆಯ ರೋಗಿ ಮೇಜಿನ ಮೇಲೆ ಮಲಗಿದ್ದಾಗಲೇ "ನನ್ನನ್ನು ಸುಟ್ಟುಬಿಟ್ಟಿರಿ" ಎಂದರು. ಹಾಗಾಗಲು ಸಾಧ್ಯವೇ ಇಲ್ಲ ಎಂದು ಉತ್ತರ ಬಂತು.

ಟೆಕ್ಸಸ್‌ನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ 1986ರ ಮಾರ್ಚ್‌ನಲ್ಲಿ ನಡೆದದ್ದು ಇನ್ನೂ ಹತ್ತಿರದಿಂದ ಗೊತ್ತು. ಯಂತ್ರ ನಡೆಸುವಾಕೆ ಅನುಭವಸ್ಥೆ, ಟೈಪಿಂಗ್ ವೇಗ ಚೆನ್ನಾಗಿತ್ತು. 'ಇ', ಅಂದರೆ ಎಲೆಕ್ಟ್ರಾನ್, ಎಂದು ಹಾಕಬೇಕಾದಲ್ಲಿ 'ಎಕ್ಸ್', ಅಂದರೆ ಎಕ್ಸ್‌ರೇ, ಎಂದು ಹಾಕಿದರು. ತಕ್ಷಣ ಗೊತ್ತಾಯಿತು, ಮೇಲಿನ ಸಾಲಿಗೆ ಹೋಗಿ ತಿದ್ದಿದರು, ಉಳಿದ ಸಾಲುಗಳನ್ನು ಎಂಟರ್ ಒತ್ತಿ ದಾಟಿದರು. ನಾವು ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಸ್ಕ್ರೀನಿನಲ್ಲಿ ಎಲ್ಲಾ ಸರಿಯಾಗಿ ಕಾಣಿಸಿತು. ಒಳಗೆ ಮಾತ್ರ ಯಂತ್ರದ ಒಂದು ಭಾಗ ಹಳೆಯ ಆಯ್ಕೆಯಲ್ಲೇ ಉಳಿದಿತ್ತು, ಯಾಕೆಂದರೆ ಆಯಸ್ಕಾಂತಗಳು ಸರಿಹೊಂದಲು ಬೇಕಾಗುವ ಸುಮಾರು ಎಂಟು ಸೆಕೆಂಡಿನ ಒಳಗೆ ತಿದ್ದಿದರೆ ಆ ತಿದ್ದುಪಡಿ ಸಾಫ್ಟ್‌ವೇರಿಗೆ ತಿಳಿಯುತ್ತಿರಲಿಲ್ಲ. ಯಂತ್ರ ನಿಂತು "ಮಾಲ್‌ಫಂಕ್ಷನ್ 54" ಎಂದಿತು. ಡೋಸ್ ಕಡಿಮೆ ಹೋಗಿದೆ ಎಂದು ತೋರಿಸಿತು. ಇಂಥ ಸೂಚನೆಗಳು ಆ ಯಂತ್ರದಲ್ಲಿ ದಿನಾ ಬರುತ್ತಿದ್ದವು, ಹಾಗಾಗಿ ಆಕೆ ಮುಂದುವರಿಸುವ ಕೀ ಒತ್ತಿದರು. ಅವತ್ತು ರೋಗಿಯ ಕೋಣೆಯ ಕ್ಯಾಮೆರಾ ಪರದೆಯೂ ನಡೆಯುತ್ತಿರಲಿಲ್ಲ, ಮಾತು ಕೇಳಿಸುವ ಯಂತ್ರವೂ ಕೆಟ್ಟಿತ್ತು. ಎರಡನೇ ಏಟು ಬೀಳುವಾಗ ರೋಗಿ ಮೇಜಿನಿಂದ ಏಳಲು ನೋಡುತ್ತಿದ್ದರು.

ಕಂಪನಿಯ ಎಂಜಿನಿಯರ್‌ಗಳು ಬಂದರು. ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ. ಹೆಚ್ಚು ಡೋಸ್ ಹೋಗಲು ಸಾಧ್ಯವೇ ಇಲ್ಲ, ಕರೆಂಟ್ ಹೊಡೆದಿರಬಹುದು ಎಂದರು. ಕರೆಂಟ್ ವಿಷಯವನ್ನೂ ಪರೀಕ್ಷೆ ಮಾಡಿಸಿದರು, ಅಲ್ಲೂ ತಪ್ಪಿರಲಿಲ್ಲ. ಏಪ್ರಿಲ್ 7ಕ್ಕೆ ಯಂತ್ರ ಮತ್ತೆ ಶುರು. ಏಪ್ರಿಲ್ 11ಕ್ಕೆ ಇನ್ನೊಬ್ಬ ರೋಗಿಗೆ ಅದೇ ಗತಿ.

ಆಗ ಆ ಆಸ್ಪತ್ರೆಯ ಭೌತಶಾಸ್ತ್ರಜ್ಞ ಫ್ರಿಟ್ಜ್ ಹೇಗರ್ ಒಂದು ಕೆಲಸ ಮಾಡಿದರು. ಆಪರೇಟರ್ ಹೇಳಿದ್ದನ್ನು ನಂಬಿದರು. ಇಬ್ಬರೂ ಯಂತ್ರದ ಮುಂದೆ ಕೂತರು. ಆಕೆ ಅವತ್ತು ಏನೇನು ಒತ್ತಿದ್ದರೋ ಅದನ್ನೇ ಮತ್ತೆ ಮತ್ತೆ ಒತ್ತಿದರು. ನಿಧಾನವಾಗಿ ಮಾಡಿದರೆ ಏನೂ ಆಗುತ್ತಿರಲಿಲ್ಲ. ಆಕೆ ಎಂದಿನ ವೇಗದಲ್ಲಿ ಮಾಡಿದಾಗ "ಮಾಲ್‌ಫಂಕ್ಷನ್ 54" ಬಂತು. ಕಂಪನಿಯ ಎಂಜಿನಿಯರ್‌ಗಳಿಗೆ ಸಿಗದೇ ಇದ್ದದ್ದು ಇವರಿಬ್ಬರಿಗೆ ಸಿಕ್ಕಿದ್ದು ಹೀಗೆ. ನಾನು ಈ ಕಥೆಯನ್ನು ಮೊದಲು ಓದಿದಾಗ ನನ್ನ ಲೆಕ್ಕ ಬರೆಯುವವರು ನೆನಪಾದರು. ಅವರ ಪಕ್ಕ ಕೂತು "ನಿನ್ನೆ ರಾತ್ರಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿ ಸರ್, ನೋಡೋಣ" ಎಂದು ನಾವು ಯಾರೂ ಹೇಳಿರಲಿಲ್ಲ.

ಅವರ ವಿಷಯ ಇಲ್ಲೇ ಮುಗಿಸುತ್ತೇನೆ. ಎರಡು ತಿಂಗಳಾದ ಮೇಲೆ ನಮ್ಮಲ್ಲೇ ಒಬ್ಬ ಹುಡುಗಿ ಬೇರೆ ಏನನ್ನೋ ಹುಡುಕುತ್ತಾ ಆ ಬಗ್ ಕಂಡುಹಿಡಿದಳು. ರಾತ್ರಿ ಬ್ಯಾಕಪ್ ಶುರುವಾಗುವ ಹೊತ್ತಿಗೆ ಸರಿಯಾಗಿ ಯಾರಾದರೂ ಸೇವ್ ಮಾಡಿದರೆ ಆ ಸಾಲುಗಳು ಹೋಗಿಬಿಡುತ್ತಿದ್ದವು. ಹೆಚ್ಚಿನ ಕಸ್ಟಮರ್‌ಗಳು ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಿದ್ದರು, ಇವರು ಕೂತು ಕೆಲಸ ಮಾಡುತ್ತಿದ್ದರು. ನಾನೇ ಫೋನ್ ಮಾಡಿ ಹೇಳಿದೆ, ತಪ್ಪು ನಮ್ಮದೇ ಎಂದೆ. ಅವರು ಬೈಯಲಿಲ್ಲ. "ಹಾಗಾದರೆ ನಾನು ಒತ್ತಿದ್ದೆ ಅಲ್ವಾ?" ಎಂದು ಎರಡು ಸಲ ಕೇಳಿದರು.

ಈಗ ದೊಡ್ಡ ಕಂಪನಿಗಳ ಬಗ್ಗೆ ಸ್ವಲ್ಪ ನೇರವಾಗಿ ಮಾತಾಡೋಣ. ಅಲ್ಲಿ ಕೆಲಸ ಮಾಡುವವರು ಕೆಟ್ಟವರಲ್ಲ. ನಾನು ನೋಡಿದ ಅತಿ ಬುದ್ಧಿವಂತ, ಅತಿ ಪ್ರಾಮಾಣಿಕ ಎಂಜಿನಿಯರ್‌ಗಳು ಅಂಥ ಕಡೆಯೇ ಇದ್ದರು. ಆದರೆ ದೊಡ್ಡದು ಎನ್ನುವ ಕಾರಣಕ್ಕೇ ನಂಬುತ್ತೇವಲ್ಲ, ಅಲ್ಲಿ ನಮ್ಮ ಲೆಕ್ಕ ತಪ್ಪುತ್ತದೆ. ಒಂದು ತಪ್ಪು ಹತ್ತು ಲಕ್ಷಕ್ಕೆ ಒಬ್ಬರಿಗೆ ಮಾತ್ರ ಆಗುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ತುಂಬಾ ಚೆನ್ನಾಗಿದೆ. ಬಳಸುವವರು ನೂರು ಕೋಟಿ ಇದ್ದರೆ ಅದು 1000 ಜನ. ಆ 1000 ಜನ ಬೇರೆ ಬೇರೆ ಊರುಗಳಲ್ಲಿ ಇರುತ್ತಾರೆ, ಒಬ್ಬರಿಗೊಬ್ಬರು ಗೊತ್ತಿಲ್ಲ. ಒಬ್ಬೊಬ್ಬರಿಗೂ ಬರುವ ಉತ್ತರ ಒಂದೇ, ನಿಮ್ಮೊಬ್ಬರಿಗೇ ಹೀಗಾಗಿದೆ. ಸಣ್ಣ ಕಡೆ ತಪ್ಪಾದರೆ ಮಾಡಿದವನ ಮುಖ ನೋಡಿ ಕೇಳಬಹುದು. ಇಲ್ಲಿ ನಮ್ಮ ಮಾತು ಹೋಗುವುದು ನಾನು ಕೂತಿದ್ದಂಥ ಒಂದು ಕುರ್ಚಿಗೆ. ಈಗೀಗ ಆ ಕುರ್ಚಿಯಲ್ಲೂ ಮನುಷ್ಯರಿಲ್ಲ, ತಾನೇ ಉತ್ತರ ಕೊಡುವ ಯಂತ್ರವಿದೆ.

2024ರ ಜುಲೈ 19 ನಿಮಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ, ಕಂಪ್ಯೂಟರ್‌ಗಳನ್ನು ಕಾಯುವುದೇ ಅದರ ಕೆಲಸ, ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಪ್ರೋಗ್ರಾಂ 20 ಮೌಲ್ಯ ಕೊಡುತ್ತಿತ್ತು, ಹೊಸ ಫೈಲು 21ನೆಯದನ್ನು ಕೇಳಿತು. ಅಷ್ಟೇ ತಪ್ಪು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತವು. 78 ನಿಮಿಷಕ್ಕೆ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಬಿದ್ದಿದ್ದ ಕಂಪ್ಯೂಟರ್‌ಗಳು ತಾವಾಗಿ ಏಳುವ ಹಾಗಿರಲಿಲ್ಲ. ಬಹಳಷ್ಟು ಕಡೆ ಯಾರಾದರೂ ಹೋಗಿ, ಒಂದೊಂದನ್ನೇ ಸೇಫ್ ಮೋಡ್‌ನಲ್ಲಿ ಶುರು ಮಾಡಿ, ಆ ಫೈಲನ್ನು ಕೈಯಿಂದ ಅಳಿಸಬೇಕಾಯಿತು. ವಿಮಾನಗಳು ನಿಂತವು, ಆಸ್ಪತ್ರೆಗಳಲ್ಲಿ ಆಪರೇಷನ್ ಮುಂದೂಡಿದರು. ಮೊದಲು ಕೆಲವೇ ಕಂಪ್ಯೂಟರ್‌ಗಳಿಗೆ ಕಳಿಸಿ ನೋಡಿ ಆಮೇಲೆ ಎಲ್ಲರಿಗೂ ಕಳಿಸುವುದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ಪಾಠ. ಇಂಥ ಫೈಲುಗಳಿಗೆ ಅದನ್ನು ಮಾಡಿರಲಿಲ್ಲ. ಎಲ್ಲರೂ ಅವರನ್ನೇ ಬಳಸುತ್ತಾರೆ, ನಾವೂ ಬಳಸಿದರೆ ಕ್ಷೇಮ ಎಂದು ಒಬ್ಬೊಬ್ಬರೂ ಅಂದುಕೊಂಡದ್ದರಿಂದಲೇ ಅವತ್ತು ಎಲ್ಲರೂ ಒಟ್ಟಿಗೆ ಬಿದ್ದರು.

ಬೋಯಿಂಗ್ ವಿಷಯ ಎಲ್ಲರಿಗೂ ಸ್ವಲ್ಪ ಗೊತ್ತು, ಜಾಸ್ತಿ ಹೇಳುವುದಿಲ್ಲ. 737 ಮ್ಯಾಕ್ಸ್ ವಿಮಾನದಲ್ಲಿ ಎಂಕ್ಯಾಸ್ ಎಂಬ ವ್ಯವಸ್ಥೆ ವಿಮಾನದ ಮೂಗನ್ನು ತಾನೇ ಕೆಳಗೆ ತಳ್ಳುತ್ತಿತ್ತು. ಅದು ನಂಬಿದ್ದು ಒಂದೇ ಒಂದು ಸೆನ್ಸರನ್ನು. ಇನ್ನೊಂದು ಸೆನ್ಸರ್ ವಿಮಾನದ ಮತ್ತೊಂದು ಬದಿಯಲ್ಲಿ ಇತ್ತು, ಆದರೆ ಎರಡನ್ನೂ ಹೋಲಿಸಿ ನೋಡುತ್ತಿರಲಿಲ್ಲ. ಪೈಲಟ್‌ಗಳ ಕೈಪಿಡಿಯಲ್ಲಿ ಆ ವ್ಯವಸ್ಥೆಯ ಬಗ್ಗೆ ಬರೆದೇ ಇರಲಿಲ್ಲ. 2018ರ ಅಕ್ಟೋಬರ್ 29ಕ್ಕೆ ಇಂಡೊನೇಷ್ಯಾದಲ್ಲಿ 189 ಜನ, 2019ರ ಮಾರ್ಚ್ 10ಕ್ಕೆ ಇಥಿಯೋಪಿಯಾದಲ್ಲಿ 157 ಜನ ಸತ್ತರು. ನಾನು ಇದನ್ನು ಹೇಳುತ್ತಿರುವುದು ಆ ಎರಡು ದಿನಾಂಕಗಳ ನಡುವಿನ ನಾಲ್ಕು ತಿಂಗಳಿಗೂ ಹೆಚ್ಚಿನ ಸಮಯಕ್ಕಾಗಿ. ಮೊದಲ ಅಪಘಾತ ಆದ ಮೇಲೆ ಎಷ್ಟೋ ಜನ ಕೇಳಿದ್ದು ಪೈಲಟ್‌ಗಳಿಗೆ ಸರಿಯಾದ ತರಬೇತಿ ಇತ್ತಾ, ಏರ್‌ಲೈನ್ ಚೆನ್ನಾಗಿದೆಯಾ ಎಂದು. ವಿಮಾನ ಹಾರುತ್ತಲೇ ಇತ್ತು. ಆ ಪೈಲಟ್‌ಗಳು ಬದುಕಿದ್ದರೆ "ವಿಮಾನ ನನ್ನ ಮಾತು ಕೇಳಲಿಲ್ಲ" ಎನ್ನುತ್ತಿದ್ದರು. ಆಗಲಾದರೂ ನಂಬುತ್ತಿದ್ದೆವಾ ಎಂದು ನನಗೆ ಅನುಮಾನ.

ಇನ್ನೊಂದು ಥರದ ನಂಬಿಕೆ ಇದೆ. ಕಂಪನಿ ಇರುತ್ತದೆ, ನಾಳೆಯೂ ಇರುತ್ತದೆ, ನಮ್ಮನ್ನು ನಡುನೀರಿನಲ್ಲಿ ಬಿಡುವುದಿಲ್ಲ ಎನ್ನುವುದು. ಸೆಕೆಂಡ್ ಸೈಟ್ ಎಂಬ ಅಮೆರಿಕದ ಕಂಪನಿ ಕುರುಡರಿಗಾಗಿ ಕಣ್ಣಿನೊಳಗೆ ಕೂರಿಸುವ ಒಂದು ಸಾಧನ ಮಾಡಿತು, ಹೆಸರು ಆರ್ಗಸ್-2. ಕನ್ನಡಕದಲ್ಲಿ ಕ್ಯಾಮೆರಾ, ಸೊಂಟದಲ್ಲಿ ಒಂದು ಸಣ್ಣ ಪೆಟ್ಟಿಗೆ, ರೆಟಿನಾ ಮೇಲೆ 60 ಎಲೆಕ್ಟ್ರೋಡ್. ನಮ್ಮ ಹಾಗೆ ಕಾಣಿಸುವುದಿಲ್ಲ. ಬೆಳಕಿನ ಮಚ್ಚೆಗಳು ಮಿಣುಕುತ್ತವೆ, ಬಾಗಿಲಿನ ಅಂಚು, ರಸ್ತೆ ದಾಟುವ ಪಟ್ಟೆ ಇಷ್ಟು ಗೊತ್ತಾಗುತ್ತದೆ. ಏನೂ ಕಾಣದಿದ್ದವರಿಗೆ ಅದೇ ದೊಡ್ಡದು. 350ಕ್ಕೂ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡರು. 2019ರಲ್ಲಿ ಕಂಪನಿ ಆರ್ಗಸ್ ಮಾಡುವುದನ್ನು ನಿಲ್ಲಿಸಿತು. 2020ರಲ್ಲಿ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಕೆಟ್ಟರೆ ರಿಪೇರಿ ಇಲ್ಲ, ಬಿಡಿಭಾಗ ಇಲ್ಲ, ಹೊಸ ಸಾಫ್ಟ್‌ವೇರ್ ಇಲ್ಲ.

ಒಬ್ಬಾಕೆಯ ಅನುಭವ ಓದಿದ್ದೆ. ನ್ಯೂಯಾರ್ಕ್‌ನ ಸಬ್‌ವೇ ನಿಲ್ದಾಣ, ಜನ ನೂಕುವ ಹೊತ್ತು. ಮೆಟ್ಟಿಲು ಇಳಿಯಬೇಕು ಎನ್ನುವಾಗ ಬೀಪ್, ಬೀಪ್, ಬೀಪ್ ಎಂದು ಸದ್ದು ಬಂತು. ಅದು ಫೋನಿನದ್ದಲ್ಲ, ಕಣ್ಣಿನ ಸಾಧನದ್ದು. ಅಲ್ಲಿಗೆ ಕಾಣಿಸುತ್ತಿದ್ದ ಸ್ವಲ್ಪವೂ ಹೋಯಿತು. ಸಾಧನ ಮಾತ್ರ ಕಣ್ಣಿನೊಳಗೇ ಉಳಿಯಿತು. ಫೋನ್ ಹಳೆಯದಾದರೆ ಡ್ರಾಯರ್‌ಗೆ ಹಾಕುತ್ತೇವೆ. ದೇಹದೊಳಗೆ ಹೊಲಿದದ್ದನ್ನು ಎಲ್ಲಿ ಇಡುವುದು? ಕಂಪನಿಯೊಂದು ಮುಳುಗುವುದು ವ್ಯಾಪಾರದಲ್ಲಿ ಇದ್ದದ್ದೇ. ಆದರೆ ಮುಳುಗಿದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ, ಅದರ ವಿವರಗಳು ಯಾರ ಕೈಯಲ್ಲಿ ಇರುತ್ತವೆ ಎಂದು ಆಪರೇಷನ್‌ಗೆ ಮೊದಲೇ ಬರೆದುಕೊಡಬೇಕು ಎಂದು ಕಾನೂನು ಹೇಳಬೇಕು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ, "ಹಾಗಾದರೆ ಯಾವುದನ್ನೂ ಬಳಸಬಾರದಾ ಸರ್?"

ಖಂಡಿತ ಬಳಸಬೇಕು. ನಾನು ಇವತ್ತೂ ಸಾಫ್ಟ್‌ವೇರ್ ಮಾಡಿಯೇ ಊಟ ಮಾಡುವವನು. ನಾನು ಕೇಳುತ್ತಿರುವುದು ಬಳಸುವಾಗ ಇರಬೇಕಾದ ಎಚ್ಚರ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ಸ್ಕ್ರೀನಿನಲ್ಲಿ ಕಂಡರೆ ಇನ್ನೂ ಜಾಸ್ತಿ ನೋಡಬೇಕು. ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದಲ್ಲಿ ಯೂನಿಸೂಪರ್ ಎಂಬ ಪಿಂಚಣಿ ನಿಧಿ ಇದೆ, ಆರು ಲಕ್ಷಕ್ಕೂ ಹೆಚ್ಚು ಜನರ ನಿವೃತ್ತಿಯ ಹಣ ಅದರಲ್ಲಿದೆ. ಅವರ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿ, ಅಂದರೆ ಗೂಗಲ್ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳಲ್ಲಿ ಇತ್ತು. ಒಂದು ಕಡೆ ಕೆಟ್ಟರೂ ಇರಲಿ ಎಂದು ಎರಡು ಬೇರೆ ಬೇರೆ ಜಾಗಗಳಲ್ಲಿ ಪ್ರತಿ ಇಟ್ಟಿದ್ದರು. 2024ರ ಮೇ ತಿಂಗಳಲ್ಲಿ ಎರಡೂ ಜಾಗದಲ್ಲಿದ್ದ ಪ್ರತಿ ಅಳಿಸಿಹೋಯಿತು. ಶುರುವಿನಲ್ಲಿ ಗೂಗಲ್ ಕಡೆಯವರು ಸಿದ್ಧಮಾಡಿ ಕೊಡುವಾಗ ಸೆಟ್ಟಿಂಗ್‌ನಲ್ಲಿ ತುಂಬಬೇಕಾದ ಒಂದು ಖಾನೆಯನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಒಂದು ವರ್ಷದ ಅವಧಿ ಎಂದು ವ್ಯವಸ್ಥೆ ತಾನೇ ಅಂದುಕೊಂಡಿತು. ವರ್ಷ ತುಂಬಿತು, ಅಳಿಸಿತು. ಗಿರಾಕಿ ಕೇಳಿ ಅಳಿಸಿದ್ದಲ್ಲವಾದ್ದರಿಂದ ಮುಂಚಿತವಾಗಿ ಒಂದು ಸೂಚನೆಯೂ ಹೋಗಲಿಲ್ಲ.

ಅವರನ್ನು ಉಳಿಸಿದ್ದರಲ್ಲಿ ಒಂದು ಬೇರೆಯೇ ಕಂಪನಿಯ ಹತ್ತಿರ ಇಟ್ಟಿದ್ದ ಇನ್ನೊಂದು ಬ್ಯಾಕಪ್. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಹತ್ತಿರ ಎರಡು ಪ್ರತಿ ಇದ್ದಾಗ ಮೂರನೆಯದು ಯಾಕೆ, ದಂಡದ ಖರ್ಚು ಅಲ್ವಾ ಎಂದು ಯಾರಾದರೂ ಒಂದು ಮೀಟಿಂಗಿನಲ್ಲಿ ಕೇಳಿಯೇ ಇರುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಅಂಥ ಮೀಟಿಂಗುಗಳಲ್ಲಿ ನಾನೂ ಕೂತಿದ್ದೇನೆ. "ಇರಲಿ ಬಿಡಿ" ಎಂದ ಪುಣ್ಯಾತ್ಮರು ಯಾರೋ, ಅವರಿಗೆ ನಾನು ಕೈ ಮುಗಿಯುತ್ತೇನೆ. ನಿಮ್ಮ ಫೋಟೋ, ನಿಮ್ಮ ಕಾಗದಪತ್ರ, ನಿಮ್ಮ ಮನೆಯವರ ದನಿ ಇರುವ ಮೆಸೇಜು ಇವನ್ನೆಲ್ಲ ಒಂದೇ ಅಕೌಂಟಿನಲ್ಲಿ ಇಟ್ಟಿದ್ದರೆ ಇವತ್ತೇ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಆ ಡಿಸ್ಕ್ ತೆರೆಯುತ್ತದಾ ಎಂದು ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಏನಾದರೂ ತಪ್ಪಾದರೆ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ, ಹೊತ್ತು ಬರೆದಿಡಿ. ನಿಮ್ಮ ಮಾತನ್ನು ನಂಬದವರ ಎದುರು ನಿಮಗೆ ಬೇಕಾಗುವುದು ಅದೇ.

ಸಪೋರ್ಟ್ ಕುರ್ಚಿಯಲ್ಲಿ ಕೂತವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ನಿಮಗೆ ನನ್ನದೊಂದು ವಿನಂತಿ. "ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ" ಎನ್ನುವ ಬದಲು "ನಮ್ಮ ಸ್ಕ್ರೀನಿನಲ್ಲಿ ಏನೂ ಕಾಣಿಸುತ್ತಿಲ್ಲ" ಎನ್ನಿ. ಎರಡಕ್ಕೂ ತುಂಬಾ ವ್ಯತ್ಯಾಸವಿದೆ. ಮೊದಲನೆಯದು ಮಾತನ್ನು ಮುಗಿಸುತ್ತದೆ, ಎರಡನೆಯದರ ಮೇಲೆ ಅವರು ಇನ್ನೊಂದು ಮಾತು ಹೇಳಬಹುದು.

ಕೊನೆಯ ಪ್ರಶ್ನೆ ಒಬ್ಬ ಮಹಿಳೆಯದು. ಅವರ ಅಮ್ಮನಿಗೆ ವಯಸ್ಸಾಗಿದೆ. ಫೋನಿನಲ್ಲಿ ಒಂದು ಆರೋಗ್ಯದ ಆ್ಯಪ್ ಇದೆ, ದಿನಾ ಬಿಪಿ ಬರೆದಿಡಬೇಕು. ಅಮ್ಮ ಬರೆದೆ ಅನ್ನುತ್ತಾರೆ, ನೋಡಿದರೆ ಏನೂ ಇರುವುದಿಲ್ಲ. "ಸೇವ್ ಒತ್ತಮ್ಮ ಅಂತ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ, ಇದಕ್ಕೇನು ಹೇಳ್ತೀರಿ?" ಎಂದರು. ನಾನು, ಒಂದ್ಸಲ ಅವರ ಪಕ್ಕ ಕೂತು ಅವರು ಮಾಡುವುದನ್ನು ಸುಮ್ಮನೆ ನೋಡಿ, ಹೇಳಿಕೊಡಬೇಡಿ ಎಂದೆ.

ವಾರ ಬಿಟ್ಟು ಆಕೆ ಒಂದು ವಿಡಿಯೋ ಕಳಿಸಿದರು. ಅಮ್ಮನಿಗೆ ಸರಿಯಾಗಿ ಕಾಣಲೆಂದು ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಟ್ಟಿದ್ದರು. ಅಕ್ಷರ ದೊಡ್ಡದಾದ ಕಾರಣ ಆ ಆ್ಯಪಿನ ಸೇವ್ ಬಟನ್ ಪರದೆಯ ಕೆಳಗೆ ಹೊರಟುಹೋಗಿತ್ತು. ಎಷ್ಟು ಸರಿಸಿದರೂ ಮೇಲೆ ಬರುತ್ತಿರಲಿಲ್ಲ. ವಿಡಿಯೋದಲ್ಲಿ ಅಮ್ಮನ ಬೆರಳು ಪರದೆಯ ಕೆಳಗಿನ ಅಂಚನ್ನು ಮೂರು ನಾಲ್ಕು ಸಲ ಮೇಲಕ್ಕೆ ಎಳೆಯುತ್ತದೆ. ಆಮೇಲೆ ಅವರ ದನಿ ಕೇಳಿಸುತ್ತದೆ. "ನೋಡು, ನಾನು ಹೇಳಲಿಲ್ವಾ, ಇಲ್ಲಿ ಏನೂ ಇಲ್ಲ."